ನನ್ನ ಮೂಗಿಗೆ ಶ್ರುತಿ ಮಾಡಿದ ಗಿಟಾರು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನ್ನ ದೋಸ್ತ ವೀರೇಶನ ಗಿಟಾರಿನ ದನಿ ಕೆಟ್ಟದ್ದು ವೈರಿನಿಂದಲ್ಲ, ಒಳಗಿನ ಕಾಯಿಲ್‌ನಿಂದಲ್ಲ, ನಾನು ಕೊಟ್ಟೂರಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಸಿಕ್ಕವರಿಗೆ ಹೇಳಿಕೊಂಡು ತಿರುಗಿದಂತೆ ಮೋಟಾರ್ ವೈಂಡಿಂಗ್ ಅಂಗಡಿಯ ಖಾಜಾ ಭಾಯಿಯಿಂದ ಅಂತೂ ಅಲ್ಲವೇ ಅಲ್ಲ. ಅದು ಕೆಟ್ಟದ್ದು ನನ್ನ ಮೂಗಿನಿಂದ. ಮೂಗಿಗೂ ಗಿಟಾರಿಗೂ ಏನು ಸಂಬಂಧ ಎನ್ನುವವರು ಸ್ವಲ್ಪ ತಾಳಬೇಕು. ನಾನು ಹರಪನಹಳ್ಳಿಗೆ ಹೋಗುವ ನಮ್ಮೂರ ಬಸ್ಸಿನ ಹಾಗೆ, ಯಾರು ಕೈ ತೋರಿಸಿದರೂ ನಿಂತು ಮುಂದೆ ಹೋಗುವವನು.

ನನ್ನ ಕಸುಬು ಮಿಮಿಕ್ರಿ. ಆರ್ಕೆಸ್ಟ್ರಾದಲ್ಲಿ ಹಾಡುಗಾರರು ನೀರು ಕುಡಿದು ಬರುವಷ್ಟು ಹೊತ್ತು ಜನ ಕುರ್ಚಿ ಬಿಟ್ಟು ಏಳದಂತೆ ನೋಡಿಕೊಳ್ಳುವವನು. ಇದ್ದದ್ದನ್ನು ಇದ್ದಂತೆ ಮಾಡಿದರೆ ಯಾರೂ ನಗುವುದಿಲ್ಲ, ಸ್ವಲ್ಪ ಎಳೆಯಬೇಕು. ನಮ್ಮ ಸೋದರಮಾವ ಮಾತಿಗೆ ಮೊದಲು ಸಣ್ಣಗೆ ಕೆಮ್ಮುತ್ತಿದ್ದರು. ನಾನು ಅದನ್ನು ಹಳೇ ಡೀಸೆಲ್ ಎಂಜಿನ್ ಚಾಲೂ ಆದಂತೆ ಮಾಡಿ ಮಾಡಿ ತೋರಿಸಿದೆ. ಮನೆಯವರೆಲ್ಲ ನಕ್ಕರು. ಬರಬರುತ್ತಾ ಮಾವ ನಿಜವಾಗಿಯೂ ಹಾಗೇ ಕೆಮ್ಮತೊಡಗಿದರು. ಅತ್ತೆ ಗಾಬರಿಯಾಗಿ ಡಾಕ್ಟರಿಗೆ ತೋರಿಸಿದರು. ಡಾಕ್ಟರು ಏನೂ ಇಲ್ಲ ಎಂದಮೇಲೆ ಅತ್ತೆ ಮನೆಗೆ ಬಂದು ನನ್ನನ್ನು ಬೈದರು. ನನ್ನ ದನಿಯನ್ನು ನಾನೇ ಅಣಕಿಸುವುದೂ ಉಂಟು. ಆಗ ನಮ್ಮವ್ವ, “ನೀ ಇಷ್ಟು ಶಾಣ್ಯಾನಂಗ ಎಲ್ಲಿ ಮಾತಾಡ್ತಿ ಬಿಡು” ಎನ್ನುತ್ತಾಳೆ.

ವೀರೇಶನ ಗಿಟಾರಿಗೆ ನಮ್ಮಿಬ್ಬರಿಗಿಂತ ಹೆಚ್ಚು ವಯಸ್ಸು. ಒಡೆದುಹೋದ ಯಾವುದೋ ಆರ್ಕೆಸ್ಟ್ರಾದಿಂದ ಅವನ ಕೈಗೆ ಬಂದ, ಮೈಬಣ್ಣ ಮಾಸಿದ ಕೆಂಪು ಎಲೆಕ್ಟ್ರಿಕ್ ಗಿಟಾರು. ಅದರ ದನಿಯಲ್ಲಿ ಹೋಳಿಗೆ ಹೂರಣದ ಏಲಕ್ಕಿಯಷ್ಟು, ಇದೆಯೋ ಇಲ್ಲವೋ ಎನ್ನುವಷ್ಟು, ಮೂಗುದನಿ ಇತ್ತು. ನಾನು ಬಿಡುತ್ತೇನೆಯೇ? ವೇದಿಕೆಯ ಮೇಲೆ ಮೂಗು ಹಿಡಿದು “ಕ್ವಾಂಯ್ ಕ್ವಾಂಯ್” ಎಂದು ಅದನ್ನೂ ಅಣಕಿಸುತ್ತಿದ್ದೆ. ಚಪ್ಪಾಳೆ ಬೀಳುತ್ತಿತ್ತು. ವೀರೇಶ ಮಾತು ಕಡಿಮೆಯ ಹುಡುಗ, ತಲೆ ತಗ್ಗಿಸಿ ನಗುತ್ತಿದ್ದ.

ಆ ದನಿಯನ್ನು ಹರಪನಹಳ್ಳಿಯ ಒಂದು ಕಾಲೇಜಿನ ಕಾರ್ಯಕ್ರಮದಲ್ಲಿ ನೀಲಗುಂದದ ಹುಡುಗಿಯೊಬ್ಬಳು ಕೇಳಿದಳು. ಕೇಳಿ, ಮನೆಗೆ ಹೋಗಿ, ಮದುವೆಯಾದರೆ ಇದನ್ನು ಬಾರಿಸಿದವನನ್ನೇ ಎಂದು ತನ್ನಜ್ಜಿಗೆ ಹೇಳಿದಳು. ಅಜ್ಜಿ ಒಪ್ಪಿದರೂ ಹುಡುಗಿಯ ಅಪ್ಪ ಒಪ್ಪಲಿಲ್ಲ. “ತಂತಿ ಮೀಟಿದ್ರ ಹೊಟ್ಟಿ ತುಂಬತೈತೇನು?” ಎಂದು ತಿಂಗಳುಗಟ್ಟಲೆ ಗುದ್ದಾಡಿ, ಕೊನೆಗೆ ಒಂದು ಮಾತಿಗೆ ಬಂದರು: ಹರಪನಹಳ್ಳಿಯಲ್ಲಿ ತಮ್ಮ ಸಂಬಂಧಿಕರ ಮದುವೆಗೆ ನಮ್ಮದೇ ಆರ್ಕೆಸ್ಟ್ರಾ ಗೊತ್ತುಮಾಡಿದ್ದಾರಲ್ಲ, ಅಲ್ಲಿ ಹುಡುಗ ಬಾರಿಸುವುದನ್ನು ನೋಡೋಣ, ಕೈಯಲ್ಲಿ ಕಸುಬಿದ್ದರೆ ಮುಂದಿನ ಮಾತು, ಇಲ್ಲದಿದ್ದರೆ ಊಟ ಮಾಡಿ ಬಂದುಬಿಡೋಣ.

ಇಂಥ ಹೊತ್ತಿಗೇ ಗಿಟಾರು ಕರಕರ ಎನ್ನತೊಡಗಿತು. ಒಳಗಿನ ವೈರುಗಳು ಹಪ್ಪಳದಂತೆ ಉದುರುತ್ತಿದ್ದವು. ವೀರೇಶ ಆ ಮದುವೆಯ ದಿನದವರೆಗೂ ಹಗರಿಬೊಮ್ಮನಹಳ್ಳಿಯಲ್ಲಿ ಅಣ್ಣನ ಬಟ್ಟೆ ಅಂಗಡಿಯಲ್ಲಿ ಕೂರಬೇಕಿತ್ತು. “ಲೇ, ವೈರಷ್ಟ ಹೊಸಾವು ಹಾಕ್ಸು. ಬ್ಯಾರೆ ಏನೂ ಮುಟ್ಟಬ್ಯಾಡ” ಎಂದು ಗಿಟಾರನ್ನು ನನಗೆ ಒಪ್ಪಿಸಿದ. ಮುಟ್ಟಬೇಡ ಎಂದರೆ ಮುಟ್ಟದೇ ಇರುವ ಜಾತಿಯವನಾಗಿದ್ದರೆ ನಾನು ಮಿಮಿಕ್ರಿ ಯಾಕೆ ಮಾಡುತ್ತಿದ್ದೆ?

ಖಾಜಾ ಭಾಯಿ ನಮ್ಮ ಸುತ್ತಿನ ಪಂಪ್‌ಸೆಟ್ಟುಗಳ ಡಾಕ್ಟರು. ಸುಟ್ಟ ಮೋಟಾರನ್ನು ಮೂಸಿ ನೋಡಿ ಯಾರ ಹೊಲದ್ದು ಎಂದು ಹೇಳುತ್ತಾನೆ, ಅರ್ಧಕ್ಕರ್ಧ ತಪ್ಪು ಹೇಳುತ್ತಾನೆ. ಗಿಟಾರನ್ನು ಬೋರಲು ಹಾಕಿ, “ಇದು ನೀರು ಎತ್ತಂಗಿಲ್ಲಲ್ಲ? ಹಂಗಾದ್ರ ಸಲೀಸು ಬಿಡಪ್ಪಾ” ಎಂದ.

ಹೊಸ ವೈರು ಬೆಸೆದು ಆಂಪ್ಲಿಫೈಯರಿಗೆ ಹಚ್ಚಿದರೆ ಮೊದಲು ದನಿಯೇ ಇಲ್ಲ. ಎರಡು ವೈರು ಅದಲುಬದಲು ಮಾಡಿದ ಮೇಲೆ ಹಿಟ್ಟಿನ ಗಿರಣಿಯಂತೆ ಗುಂಯ್‌ಗುಟ್ಟಿತು. ವೈರು ಸಿಕ್ಕಿಸುವ ಕಡೆಯ ತಗಡನ್ನು ನಾನು ಬೆರಳಿನಿಂದ ಮುಟ್ಟಿದರೆ ಗುಂಯ್ ನಿಲ್ಲುತ್ತಿತ್ತು. “ಆತಲ್ಲ ರಿಪೇರಿ” ಎಂದ ಖಾಜಾ ಭಾಯಿ. “ಪ್ರೋಗ್ರಾಮಿನಾಗ ನೀ ಅವನ ಮಗ್ಗಲಿಗೆ ಕುಂತು ಹಿಂಗ ಹಿಡ್ಕೊ. ಹೆಂಗಿದ್ರೂ ನಿನಗ ಬ್ಯಾರೆ ಕೆಲಸ ಏನೈತಿ?” ಮರುದಿನ ಗುಂಯ್ ಕಡಿಮೆಯಾಯಿತು, ಆದರೆ ಗಿಟಾರಿನೊಳಗಿಂದ ರೇಡಿಯೋ ಮಾತಾಡತೊಡಗಿತು. ಶೇಂಗಾ ಬೆಳೆಗೆ ಹುಳ ಬಿದ್ದರೆ ಏನು ಹೊಡೆಯಬೇಕು ಎಂದು ಒಬ್ಬರು ಗಂಭೀರವಾಗಿ ಹೇಳುತ್ತಿದ್ದರು. ಮೋಟಾರು ಒಯ್ಯಲು ಬಂದಿದ್ದ ಹಿರೇಹಡಗಲಿಯ ರೈತರೊಬ್ಬರು ಗಿಟಾರಿನ ಮುಂದೆ ಕುಕ್ಕರಗಾಲಲ್ಲಿ ಕೂತು, “ಆರಿಸಬ್ಯಾಡ್ರಿ, ಇದರ ಹಿಂದ ಮಳಿ ಸುದ್ದಿ ಬರ್ತೈತಿ” ಎಂದರು. ಮಳೆ ಸುದ್ದಿ ಮುಗಿದ ಮೇಲೆ ಖಾಜಾ ಭಾಯಿ ತಂತಿಗಳನ್ನು ಕಟ್ಟುವ ತಗಡಿಗೊಂದು ಅರ್ತಿಂಗ್ ವೈರು ಕೊಟ್ಟ. ಗುಂಯ್ ಇಲ್ಲ, ರೇಡಿಯೋ ಇಲ್ಲ, ತಂತಿ ಮೀಟಿದರೆ ತಿಳಿನೀರಿನಂಥ ದನಿ.

ಅಲ್ಲಿಗೆ ನಾನು ಗಿಟಾರು ಎತ್ತಿಕೊಂಡು ಮನೆಗೆ ಹೋಗಬೇಕಿತ್ತು. ಆದರೆ ನನ್ನ ಕಿವಿ ಒಪ್ಪಲಿಲ್ಲ. “ಖಾಜಾ ಭಾಯ್, ಇದು ಮೊದಲಿನ ದನಿ ಅಲ್ಲ. ಮೊದಲು ಮೂಗಿನಾಗ ಬರ್ತಿತ್ತು” ಎಂದೆ.

“ಮೊದಲಿಂದು ಕ್ಯಾಸೆಟ್ ಐತೇನು? ಇದ್ರ ತಾ, ಕೇಳಿ ನೋಡಾಮು.”

ಕ್ಯಾಸೆಟ್ ವೀರೇಶನ ಮನೆಯಲ್ಲಿತ್ತು. ನಮ್ಮ ಓಣಿಯಿಂದ ಎರಡನೇ ಓಣಿ. ನಾನು ಎದೆ ಸೆಟೆದು, “ಕ್ಯಾಸೆಟ್ ಯಾಕ? ನಾ ಇಲ್ಲೇನು?” ಎಂದು ಮೂಗು ಹಿಡಿದು ಮಾಡಿ ತೋರಿಸಿದೆ.

ಖಾಜಾ ಭಾಯಿ ತಲೆ ಕೆರೆದುಕೊಂಡು ಹಳೇ ರೇಡಿಯೋಗಳಿಂದ ಕಿತ್ತಿಟ್ಟಿದ್ದ, ದನಿ ಬದಲಿಸುವ ಗುಂಡಿಯಂಥ ಕಂಡೆನ್ಸರುಗಳ ಡಬ್ಬಿ ಸುರುವಿದ. ಒಂದೊಂದೇ ಹಚ್ಚುವುದು, ತಂತಿ ಮೀಟುವುದು, ನಾನು ಮೂಗು ಹಿಡಿಯುವುದು. “ಇನ್ನಷ್ಟು” ಎನ್ನುತ್ತಾ ಹೋದೆ. ಸಂಜೆಗೆ ಗಿಟಾರು ಥೇಟ್ ನನ್ನಂತೆ “ಕ್ವಾಂಯ್” ಎಂದಿತು. ಇಬ್ಬರೂ ಕೈ ಕುಲುಕಿ ಚಹಾ ಕುಡಿದೆವು.

ಮದುವೆಯ ದಿನ ವೀರೇಶ ಸೀದಾ ಹರಪನಹಳ್ಳಿಗೆ ಬಂದು, ಇಸ್ತ್ರಿ ಅಂಗಿಯ ಮೇಲೆ ಗಿಟಾರಿನ ಪಟ್ಟಿ ಏರಿಸಿದ. ಮಧ್ಯಾಹ್ನದ ಊಟ ಮುಗಿಸಿ ನೀಲಗುಂದದವರು ಮುಂದಿನ ಸಾಲಿನಲ್ಲೇ ಕೂತಿದ್ದರು. ಅಪ್ಪ ಕೈಕಟ್ಟಿಕೊಂಡು, ಹುಡುಗಿ ಸೆರಗಿನ ತುದಿ ತಿರುವುತ್ತ, ಅಜ್ಜಿ ಅಡಕೊತ್ತಿನಲ್ಲಿ ಅಡಿಕೆ ಕತ್ತರಿಸುತ್ತ. ವೀರೇಶ ಮೊದಲ ತಂತಿ ಮೀಟಿದ.

ಕ್ವಾಂಯ್.

ಆರ್ಕೆಸ್ಟ್ರಾದವರೆಲ್ಲ ತಿರುಗಿ ನನ್ನನ್ನು ನೋಡಿದರು. ನನ್ನ ಬಾಯಿ ತುಂಬ ಮಿರ್ಚಿ ಬಜ್ಜಿ ಇತ್ತು. ನಾನಲ್ಲ ಎನ್ನಲು ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ವೀರೇಶ ಮತ್ತೆ ಮೀಟಿದ, ಮತ್ತೆ ಕ್ವಾಂಯ್. ಮಕ್ಕಳು ಕೇಕೆ ಹಾಕಿದವು. ಹುಡುಗಿಯ ಅಪ್ಪ, “ಡಬ್ಬ್ಯಾಗ ಕೋತಿ ಸಿಕ್ಕೊಂಡಂಗ ಐತಲ್ಲಬೇ. ಇದಕ್ಕೇನು ಇಷ್ಟು ದಿನ ಗುದ್ದಾಡಿದ್ದು?” ಎಂದು ತಾಯಿಗೆ ಹೇಳಿ, ಕಾಲಿನಿಂದ ಕುರ್ಚಿಯ ಕೆಳಗೆ ಚಪ್ಪಲಿ ಹುಡುಕತೊಡಗಿದರು. ಹುಡುಗಿ ಸೆರಗು ತಿರುವುವುದನ್ನು ನಿಲ್ಲಿಸಿದಳು.

ವೀರೇಶ ವೇದಿಕೆಯ ತುದಿಗೆ ಬಂದು ನನ್ನನ್ನು ಕರೆದ. “ಲೇ, ಕಡೀಗೆ ಏನ್ ಹಾಕ್ಸಿದಿ?”

“ಒಂದು ಸಣ್ಣ ಕಂಡೆನ್ಸರು.”

“ಯಾಕ?”

“ಮೊದಲಿನ ದನಿ ಬರ್ಲಿ ಅಂತ.”

“ಮೊದಲಿನ ದನಿ ಹಿಂಗಿತ್ತಂತ ಖಾಜಾ ಭಾಯಿಗೆ ಯಾರು ಹೇಳಿದ್ರು?”

“ನಾನ... ಬಾಯಿಲೆ ಮಾಡಿ ತೋರಿಸಿದ್ದೆ” ಎಂದು ಫ್ಯಾನು ನೋಡಿದೆ.

ವೀರೇಶ ಗಿಟಾರನ್ನು ಬೋರಲು ಹಾಕಿದ. ಜೇಬಿನ ನಾಣ್ಯದಿಂದ ಗಿಟಾರಿನ ಹಿಂದಿನ ಮುಚ್ಚಳದ ಸ್ಕ್ರೂ ತಿರುವಿ ಬಿಚ್ಚಿ, ಕತ್ತರಿಸಲು ಏನಾದರೂ ಸಿಕ್ಕೀತೆ ಎಂದು ಸುತ್ತ ನೋಡಿದ. ಮುಂದಿನ ಸಾಲಿನಿಂದ ಅಜ್ಜಿಯ ಅಡಕೊತ್ತು ಬಂತು. ಕಂಡೆನ್ಸರಿನ ತಂತಿಕಾಲು ಕಟ್ ಎಂದಿತು. ಅವನು ಕಣ್ಣು ಮುಚ್ಚಿ ಇನ್ನೊಮ್ಮೆ ಮೀಟಿದ. ಅದೇ ದನಿ, ಏಲಕ್ಕಿಯಷ್ಟೇ ಮೂಗು. ಮೊದಲಿನ ದನಿ ಹಾಗಿತ್ತು ಎಂದು ನನಗೂ ಆಗಲೇ ನೆನಪಾದದ್ದು. ಅಪ್ಪನ ಕಾಲು ಚಪ್ಪಲಿ ಬಿಟ್ಟು ನೆಲದ ಮೇಲೆ ತಾಳ ಹಾಕತೊಡಗಿತು. ಹುಡುಗಿಯನ್ನು ನಾನು ನೋಡಲಿಲ್ಲ, ವೀರೇಶ ನೋಡುತ್ತಿದ್ದ.

ಕಾರ್ಯಕ್ರಮ ಮುಗಿದ ಮೇಲೆ ಅಪ್ಪ ನನ್ನನ್ನು ಪಕ್ಕಕ್ಕೆ ಕರೆದರು. ನಮ್ಮ ಕಡೆ ಹೆಣ್ಣು ಕೊಡುವವರು ಹುಡುಗನ ವಿಷಯ ಹುಡುಗನನ್ನು ಕೇಳುವುದಿಲ್ಲ, ಅವನ ಪಕ್ಕದಲ್ಲಿ ನಿಂತವನನ್ನು ಕೇಳುತ್ತಾರೆ. “ನೀವು ದೋಸ್ತರಂತ. ಹುಡುಗ ಹೆಂಗದಾನ?” ಎಂದರು.

ಮಾಡಿದ ಪಾಪ ತೊಳೆದುಕೊಳ್ಳಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗುವುದುಂಟೇ? ನಾನು ಗಂಟಲು ಸರಿಮಾಡಿಕೊಂಡು, ವೀರೇಶನಂತೆ ಭುಜ ಇಳಿಸಿ, ಕತ್ತು ಓರೆ ಮಾಡಿ, “ನಮ್ಮ ವೀರೇಶ ಅಂದ್ರ ಹಿಂಗ ನೋಡ್ರಿ ಯಜಮಾನ್ರ...” ಎಂದು ಶುರು ಮಾಡಿದೆ. ದೂರದಲ್ಲಿ ಗಿಟಾರು ಚೀಲಕ್ಕೆ ತುಂಬುತ್ತಿದ್ದ ವೀರೇಶ ಎರಡೂ ಕೈ ಎತ್ತಿ ನನಗೆ ಮುಗಿದ. ಪಕ್ಕದಲ್ಲೇ ಕೂತಿದ್ದ ಅಜ್ಜಿ ಅಡಕೊತ್ತು ಮಡಚಿ ಎಲೆಅಡಿಕೆ ಚೀಲಕ್ಕೆ ಹಾಕುತ್ತಾ ಅಂದರು:

“ಸಾಕು ಬಿಡಪ್ಪಾ ತಮ್ಮಾ. ಗಿಟಾರ್ ಹೆಂಗಂತ ನೀ ಮಾಡಿ ತೋರಿಸಿದ್ದಕ್ಕ ಅದು ನಿನ್ನಂಗಾತು. ಹುಡುಗ ಹೆಂಗಂತ ತೋರಿಸಬ್ಯಾಡ, ಅವನ ಕೂಡ ನಮ್ಮ ಹುಡಿಗಿ ಬಾಳೇವು ಮಾಡಬೇಕು.”