ಹನ್ನೊಂದು ಶ್ರೀ, ಒಂದು ಗೌರಿ

ಬೇಡದ್ದನ್ನು ಎಸೆಯುವುದರಲ್ಲಿ ನನ್ನ ಸರಿಸಾಟಿ ಯಾರೂ ಇಲ್ಲ ಎಂಬ ಜಂಬ ನನಗೆ ಬಹಳ ಕಾಲ ಇತ್ತು. ಶಿವಮೊಗ್ಗದ ಒಂದು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಇಪ್ಪತ್ತೆರಡು ವರ್ಷ ಧೂಳು ಕುಡಿದವನು ನಾನು. ಒಂದೇ ಕಾಗದಕ್ಕೆ ನಾಲ್ಕು ಪ್ರತಿಗಳಿದ್ದರೆ ಮೂಲ ಪ್ರತಿಯನ್ನು ಉಳಿಸಿ, ಮಿಕ್ಕ ಮೂರನ್ನು ಗೋಣಿಚೀಲಕ್ಕೆ ತುಂಬುವುದು ನಮ್ಮಲ್ಲಿನ ಪದ್ಧತಿ. ಇದು ಎಷ್ಟು ಮೈಗೂಡಿದೆಯೆಂದರೆ, ಮನೆಗೆ ಒಂದೇ ಮದುವೆಯ ಕರೆಯೋಲೆ ಎರಡು ಬಂದರೆ ಒಂದನ್ನು ಅಲ್ಲೇ ಹರಿದುಬಿಡುತ್ತೇನೆ. ಅದು ಪಕ್ಕದ ಮನೆಯವರಿಗೆ ಕೊಡಲೆಂದು ಬಂದದ್ದು ಎಂಬುದು ಮದುವೆ ಮುಗಿದ ಮೇಲೆ ಗೊತ್ತಾಗುತ್ತದೆ.

ಆದರೆ ಈ ಶಿಸ್ತು ನನ್ನ ಸ್ವಂತ ವಸ್ತುಗಳಿಗೆ ಮಾತ್ರ ಅನ್ವಯಿಸುವುದಿಲ್ಲ. ನಾನು ಲ್ಯಾಪ್‌ಟಾಪಿನಲ್ಲಿ ಬಸ್ಸು ಓಡಿಸುವ ಆಟ ಆಡುತ್ತೇನೆ. ಭದ್ರಾವತಿ ನ್ಯೂಟೌನಿನ ನಮ್ಮ ಮನೆಯಿಂದ ಶಿವಮೊಗ್ಗಕ್ಕೆ ದಿನಾ ಬಸ್ಸಿನ ಕಂಬಿ ಹಿಡಿದು ನಿಂತು ಹೋಗಿಬರುವವನು, ಮನೆಗೆ ಬಂದು ಮತ್ತೆ ಬಸ್ಸನ್ನೇ ಹತ್ತುತ್ತಾನಲ್ಲ ಎಂದು ಹೆಂಡತಿ ಸುಧಾಗೆ ನಗು. ಅವಳಿಗೇನು ಗೊತ್ತು, ಇಲ್ಲಿ ನನಗೆ ಸೀಟಿದೆ! ಆಟ ಎಲ್ಲಿಗೆ ನಿಂತಿತೋ ಅಲ್ಲಿಂದ ಮುಂದುವರಿಯಬೇಕಾದರೆ ಸೇವ್ ಮಾಡಿಡಬೇಕು. ನಾನು ಒಂದೊಂದು ತಿರುವಿಗೂ ಸೇವ್ ಮಾಡುತ್ತೇನೆ. ‘ಬಸ್ಸು-ಅಂತಿಮ’, ‘ಬಸ್ಸು-ಅಂತಿಮ-ಪರಿಷ್ಕೃತ’, ‘ಬಸ್ಸು-ಇದೇ ಅಂತಿಮ’ ಎಂದು ಇನ್ನೂರೆಂಬತ್ತು ಕಡತಗಳಿದ್ದವು. ಅದೇ ಲ್ಯಾಪ್‌ಟಾಪಿನಲ್ಲಿ ಸುಧಾ ಆಡುವುದು ಬೇಸಾಯದ ಆಟ. ಅವಳು ನಗುತ್ತಲೇ ಕಲಿತು, ಕಲ್ಲು ಕಿತ್ತು, ಬೇಲಿ ಹಾಕಿ, ಕೊನೆಗೊಂದು ಹಸುವನ್ನೂ ಕಟ್ಟಿದ್ದಳು. ಹಸುವಿನ ಹೆಸರು ಗೌರಿ.

ಒಂದು ಭಾನುವಾರ ಬೆಳಿಗ್ಗೆ ಸುಧಾ ಓಲ್ಡ್‌ಟೌನಿನ ತಂಗಿಯ ಮನೆಗೆ ಹೋಗಿದ್ದಳು. ಬಸ್ಸು ಹೊರಡಿಸೋಣ ಎಂದು ಕೂತರೆ, ಲ್ಯಾಪ್‌ಟಾಪಿನಲ್ಲಿ ಜಾಗವಿಲ್ಲ ಎಂಬ ಸಂದೇಶ. ನನ್ನ ಇನ್ನೂರೆಂಬತ್ತೂ ಅತ್ಯಗತ್ಯ ದಾಖಲೆಗಳು, ಆ ಮಾತೇ ಬೇಡ. ಅವಳ ಆಟ ತೆರೆದು ನೋಡಿದೆ. ಸಾಲಾಗಿ ಹನ್ನೊಂದು ಸೇವ್‌ಗಳು, ಹನ್ನೊಂದಕ್ಕೂ ಒಂದೇ ಹೆಸರು: ‘ಶ್ರೀ’. ನನ್ನ ಕೈ ಕಚೇರಿಯ ಕೈಯಾಯಿತು. ಮೊದಲನೆಯದನ್ನು ಮೂಲ ಪ್ರತಿ ಎಂದು ಉಳಿಸಿ, ಉಳಿದ ಹತ್ತನ್ನೂ ಅಳಿಸಿದೆ. ಎಷ್ಟು ಜಾಗ ಉಳಿಸಿದೆ ಎಂದು ಅವಳಿಗೆ ಹೇಳಿ ಭೇಷ್ ಅನ್ನಿಸಿಕೊಳ್ಳಬೇಕೆಂದೂ ಇತ್ತು.

ಮಧ್ಯಾಹ್ನ ಊಟವಾದ ಮೇಲೆ ಅವಳು ಕೂತಳು.

“ರೀ, ಸ್ವಲ್ಪ ಬನ್ನಿ ಇಲ್ಲಿ. ಗೌರಿ ಎಲ್ಲಿ? ಬರೀ ಕಲ್ಲು, ಮುಳ್ಳು ಕಾಣ್ತಿದೆ.”

“ಮೂಲ ಪ್ರತಿ ಭದ್ರವಾಗಿದೆ ಕಣೇ. ನಕಲುಗಳನ್ನ ಮಾತ್ರ ತೆಗ್ದಿದ್ದೀನಿ.”

“ಯಾವ ನಕಲು ಮಾರಾಯ್ರೇ? ದಿನದ ಆಟ ಮುಗಿದ ಮೇಲೆ ಹೊಸದಾಗಿ ಸೇವ್ ಮಾಡ್ತೀನಿ. ಹೆಸರು ಕೇಳುತ್ತೆ, ‘ಶ್ರೀ’ ಅಂತ ಬರೀತೀನಿ. ನೀವು ಉಳಿಸಿರೋದು ಮೊದಲನೇ ದಿನದ್ದು!”

ಹಾಳೆಯ ನೆತ್ತಿಗೆ ‘ಶ್ರೀ’ ಬರೆಯದೆ ಕಿರಾಣಿ ಪಟ್ಟಿಯನ್ನೂ ಶುರು ಮಾಡದ ಮನೆತನ ಅವಳದು. ನಮ್ಮದೂ ಅದೇ. ಗೊತ್ತಿದ್ದೂ ನನಗೆ ಹೊಳೆಯಲಿಲ್ಲ.

ಅವಳು ಬೈಯಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ ಒಳಗೆ ಹೋದಳು. ಬೈದಿದ್ದರೆ ಬಚಾವಾಗುತ್ತಿದ್ದೆ. ಆಯನೂರಿನ ಅವಳ ತವರಿನಲ್ಲಿ ಹಣೆಯ ಮೇಲೆ ಬಿಳಿ ಮಚ್ಚೆಯಿದ್ದ ಗೌರಿ ಎಂಬ ಹಸುವಿತ್ತು. ಅವಳು ಪರೀಕ್ಷೆ ಬರೆಯಲು ಹೋಗಿದ್ದ ದಿನ ಮನೆಯವರು ಅದನ್ನು ಮಾರಿಬಿಟ್ಟಿದ್ದರು. ಬಂದು ನೋಡಿದರೆ ಕೊಟ್ಟಿಗೆಯಲ್ಲಿ ಹಗ್ಗ ಮಾತ್ರ. ಮದುವೆಯಾದ ಹೊಸತರಲ್ಲಿ ಇದನ್ನು ಹೇಳಿ ಅತ್ತಿದ್ದಳು. ಅವಳು ಮನೆಯಲ್ಲಿಲ್ಲದ ಹೊತ್ತಿನಲ್ಲಿ ಗೌರಿಯನ್ನು ಸಾಗಹಾಕಿದ್ದು ಇದು ಎರಡನೇ ಸಲ, ಈ ಸಲ ಸಾಗಹಾಕಿದವನು ನಾನು. ನನಗೆ ನಿಜಕ್ಕೂ ನಾಚಿಕೆಯಾಯಿತು.

ಕಂಪ್ಯೂಟರಿನ ಕಸದ ಬುಟ್ಟಿಯನ್ನು ಕೆದಕಿದೆ. ಮಾರನೇ ದಿನ ಕಚೇರಿಯ ಕಂಪ್ಯೂಟರ್ ಬಲ್ಲ ಸಹೋದ್ಯೋಗಿಯನ್ನು ಕೇಳಿದೆ. “ಆಟದ ಒಳಗಿಂದಾನೇ ಅಳಿಸಿದ್ರಾ ಸಾರ್? ಹಂಗಾದ್ರೆ ಹೋಯ್ತು ಬಿಡಿ” ಎಂದ. ಆ ಸಂಜೆ ಮನೆಗೆ ಬಂದವನೇ ನನ್ನ ಇನ್ನೂರೆಂಬತ್ತು ಬಸ್ಸುಗಳನ್ನೂ ಒಂದೊಂದಾಗಿ ಅಳಿಸಿದೆ. ‘ಇದೇ ಅಂತಿಮ’ದ ಹತ್ತಿರ ಬಂದಾಗ ಬೆರಳು ತುಸು ತಡೆಯಿತು, ಸುಳ್ಳು ಹೇಳಲಾರೆ.

ಆಮೇಲೆ ಅವಳ ಹೊಲಕ್ಕೆ ಕೂಲಿಯಾಳಾಗಿ ಸೇರಿದೆ. ಅವಳು ಕಾಫಿ ಹಿಡಿದು ಪಕ್ಕದಲ್ಲಿ ಕೂತು “ಆ ಕಲ್ಲು ಬಿಟ್ರಿ, ಈ ಕಡೆದು ನೋಡಿ” ಎನ್ನುತ್ತಾಳೆ, ನಾನು ಕೀಳುತ್ತೇನೆ. ಮೊದಲ ಸಂಜೆ ಅವಳ ಮಾತು ಅಷ್ಟೇ ಇತ್ತು. ಕೊನೆಗೆ “ಸೇವ್ ಮಾಡಿ” ಎಂದಳು. ಹೆಸರು ಕೇಳಿತು. ‘ಗೌರಿಯ ಹೊಲ, ಮೊದಲ ದಿನ’ ಎಂದು ಬರೆಯಬೇಕೆಂದು ಬಸ್ಸಿನಲ್ಲೇ ಯೋಚಿಸಿಕೊಂಡು ಬಂದಿದ್ದೆ. ಬೆರಳುಗಳು ನನ್ನನ್ನು ಕೇಳದೆ ‘ಶ್ರೀ’ ಎಂದು ಬರೆದು, ಸೇವ್ ಒತ್ತಿ, ಸುಮ್ಮನಾದವು.

ಎರಡು ದಿನದಿಂದ ನಗದವಳು ನಕ್ಕಳು. “ಇದು ಮೂಲ ಪ್ರತೀನೋ, ನಕಲೋ?”

ಈಗ ಇಪ್ಪತ್ತಾರು ಶ್ರೀಗಳಾಗಿವೆ, ಗೌರಿಯೂ ಬಂದಿದ್ದಾಳೆ. ಒಂದನ್ನೂ ಮುಟ್ಟುವ ಧೈರ್ಯ ನನಗಿಲ್ಲ. ನನ್ನ ಪಾಲಿಗೆ ಬೆಳಿಗ್ಗೆ ಭದ್ರಾವತಿಯಿಂದ ಹೊರಡುವ ಬಸ್ಸು ಮಾತ್ರ ಉಳಿದಿದೆ, ಅದರಲ್ಲಿ ನನಗೆ ಇವತ್ತೂ ಸೀಟು ಸಿಗಲಿಲ್ಲ.