ಕೈ ಮೇಲಿನ ಅರ್ಧ ಗಿಣಿ

ನೋವಿಗೆ ಹೆದರುವುದಿಲ್ಲ ಎನ್ನುವವರನ್ನು ನಾನು ನಂಬುವುದಿಲ್ಲ. ಏಕೆಂದರೆ ನಾನೂ ಹಾಗೆ ಹೇಳಿಕೊಂಡು ತಿರುಗುವವಳೇ. ನನ್ನ ಬಲಗೈ ನೋಡಿದವರಿಗೆ ಮಾತ್ರ ನಿಜ ಗೊತ್ತು. ಅಲ್ಲಿ ಹಸಿರು ಹಚ್ಚೆಯ ಒಂದು ಪೂರ್ತಿ ಗಿಣಿ ಇದೆ. ಅದರ ಎದುರಿಗೆ ಇನ್ನೊಂದು ಗಿಣಿಯ ತಲೆ ಇತ್ತು. ಮೈ ಇರಲಿಲ್ಲ. ಚಿಕ್ಕವಳಿದ್ದಾಗ ನಮ್ಮೂರು ತಾಳ್ಯಕ್ಕೆ ಹಚ್ಚೆ ಹಾಕುವ ಹೆಂಗಸೊಬ್ಬಳು ಬರುತ್ತಿದ್ದಳು. ದೀಪದ ಕಪ್ಪಿಗೆ ಸೊಪ್ಪಿನ ರಸ ಕಲಸಿ ಸೂಜಿಯಲ್ಲಿ ಚುಚ್ಚುವಾಗ, ಮಕ್ಕಳು ಅಳದಿರಲೆಂದು ನಿದ್ದೆ ಬರುವಂಥ ದನಿಯಲ್ಲಿ ಹಾಡುತ್ತಿದ್ದಳು. ಆ ಹಾಡಿನಲ್ಲಿ ತೇಲುತ್ತಲೇ ನನ್ನ ಮೊದಲ ಗಿಣಿ ಮುಗಿಯಿತು. ಎರಡನೆಯದರ ಕೊರಳ ಹತ್ತಿರ ಬಂದಾಗ ಆಕೆ ಎಲೆಯಡಿಕೆ ಹಾಕಿಕೊಳ್ಳಲು ಹಾಡು ನಿಲ್ಲಿಸಿದಳು. ನನಗೆ ಆಗ ನೋವು ಗೊತ್ತಾಯಿತು. ಕೈ ಕಿತ್ತುಕೊಂಡು ಕುರಿಹಟ್ಟಿಗೆ ಓಡಿಬಿಟ್ಟೆ. ಮದುವೆಯಾದ ಮೇಲೆ ನಮ್ಮತ್ತೆ ಆ ತಲೆ ನೋಡಿದಾಗಲೆಲ್ಲ, "ನಿನ್ನ ಕೆಲಸ ಎಲ್ಲಾ ಇಷ್ಟೇ ಕಣೇ, ಕೊರಳತಂಕ" ಅನ್ನುತ್ತಿದ್ದಳು. ಅವಳು ಹೋದಳು, ತಲೆ ಉಳಿಯಿತು.

ಈಗ ನನ್ನ ಮೊಮ್ಮಗಳು ಪವಿತ್ರ ಹಚ್ಚೆಯನ್ನೇ ಕಸುಬು ಮಾಡಿಕೊಳ್ಳುತ್ತೇನೆಂದು ಹೊರಟಿದ್ದಾಳೆ. ಹಚ್ಚೆ ಅನ್ನಬಾರದಂತೆ, ಟ್ಯಾಟೂ ಅನ್ನಬೇಕಂತೆ. ದುರ್ಗದ ಒಂದು ಅಂಗಡಿಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಾಳೆ. ಮೊದಮೊದಲು ಅಲ್ಲಿ ನೆಲ ಒರೆಸಿದಳು, ಕುರ್ಚಿ ಒರೆಸಿದಳು, ಕಾಗದದ ಮೇಲೆ ಗೆರೆ ಎಳೆದಳು. ಆಮೇಲೆ ಸೂಜಿ ಹಿಡಿದು ಕೈ ಪಳಗಿಸಲು ರಬ್ಬರ್ ಹಾಳೆ, ಬಾಳೆಹಣ್ಣು. ಒಂದು ದಿನ ಪಲ್ಯಕ್ಕೆಂದು ಕುಂಬಳಕಾಯಿ ತೆಗೆದರೆ ಅದರ ಮೇಲೆ ಹುಲಿ ಕುಂತಿತ್ತು. ಸಿಪ್ಪೆ ಕೆತ್ತಿ ಪಲ್ಯ ಮಾಡಿದೆ. ನನ್ನ ಮಗ ತಟ್ಟೆ ಮುಂದೆ ಕುಂತು, "ಅವ್ವಾ, ಇದು ಕಚ್ಚಲ್ವಾ?" ಅಂದ. ಮಗಳ ಕಸುಬಿನ ಬಗ್ಗೆ ಅವನು ಆಡಿದ ಒಳ್ಳೆಯ ಮಾತು ಅದೊಂದೇ. ಸೊಸೆ ಅದನ್ನೂ ಆಡಲಿಲ್ಲ.

ಕುಂಬಳಕಾಯಿ ಆದ ಮೇಲೆ ಮನುಷ್ಯರ ಚರ್ಮ ಬೇಕು. "ಮನೆಯೋರು ಯಾರನ್ನಾದ್ರೂ ಕರ್ಕಂಡು ಬಾ. ನನ್ನೆದುರಿಗೇ ಹಾಕು. ಗೆರೆ ನಿಂತ್ರೆ ನಿಂಗೂ ಒಂದು ಕುರ್ಚಿ, ನಡುಗಿದ್ರೆ ಬೇರೆ ಕೆಲಸ ನೋಡ್ಕಳಮ್ಮ" ಅಂದನಂತೆ ಅಂಗಡಿಯವನು. ಊರಲ್ಲಿ ಯಾರೂ ಕೈ ಕೊಡಲಿಲ್ಲ. ಹುಡುಗಿ ಊಟ ಬಿಟ್ಟು ನನ್ನ ಕೈಯ ಆ ತಲೆಯನ್ನೇ ನೋಡುತ್ತಾ ಕುಂತಳು.

"ಏನ್ ನೋಡ್ತೀಯ ಲೇ?" ಅಂದೆ.

"ಪಾಪ ಅಜ್ಜಿ, ಇದಕ್ಕೆ ಮೈಯೇ ಇಲ್ಲ. ಶುಗರ್ ಇದ್ದೋರಿಗೆ ಹಾಕಂಗಿಲ್ಲ, ನಿಂಗೆ ಐತಾ?"

"ನನ್ನ ಮಾತಲ್ಲೇ ಇಲ್ಲ, ಮೈಯಾಗೆ ಎಲ್ಲಿಂದ ಬರ್ಬೇಕು? ನಡಿ, ಹೋಗಾಣ."

ಅಂಗಡಿಯವನಿಗೆ ಕುತ್ತಿಗೆಯವರೆಗೂ ಹಚ್ಚೆ. ಮಸಿ ದೌತಿಗೆ ಬಿದ್ದು ಎದ್ದುಬಂದ ಟಗರಿನ ಹಾಗಿದ್ದ. "ಕುಂತ್ಕಳ್ರಿ ಅಜ್ಜಿ" ಅಂದ ಮರ್ಯಾದೆಯಿಂದ. ಪವಿತ್ರ ಹೊಸ ಸೂಜಿ ಹಾಕಿ, ನನ್ನ ಜೋಲು ಚರ್ಮವನ್ನು ಎಡಗೈಯಲ್ಲಿ ಎಳೆದು ಬಿಗಿಹಿಡಿದಳು. ಮಿಷನ್ನು ದುಂಬಿಯ ಹಾಗೆ ಗುಂಯ್ ಎಂದಿತು. ನಾನು ಬಾಗಿಲು ಎಷ್ಟು ದೂರ ಎಂದು ನೋಡಿಟ್ಟುಕೊಂಡೆ. ಆದರೆ ಈ ದುಂಬಿ ಎಲೆಯಡಿಕೆಗೆಂದು ನಿಲ್ಲಲಿಲ್ಲ. ಗುಂಯ್ ಅನ್ನುತ್ತಲೇ ಇತ್ತು. ಕಣ್ಣು ಭಾರವಾಯಿತು. ನಮ್ಮ ಹಳೇ ಅಂಗಳ, ಬೇವಿನ ನೆರಳು, ಕುರಿಗಳ ಬೆಚ್ಚನೆ ವಾಸನೆ. ಆ ಹೆಂಗಸು ಬಾಯಿ ತುಂಬ ಎಲೆಯಡಿಕೆ ಇಟ್ಟುಕೊಂಡೇ ಹಾಡುತ್ತಿದ್ದಳು. ಗಿಣಿಯ ತಲೆಯೊಂದು ತನ್ನ ಮೈ ಹುಡುಕಿಕೊಂಡು ಜೋಳದ ಹೊಲದ ಮೇಲೆ ಸುಮ್ಮನೆ ತೇಲುತ್ತಿತ್ತು. ನಾನು ಕರೆದರೆ ತಿರುಗಿ ನೋಡಿತು, ಬರಲಿಲ್ಲ.

"ಆಯ್ತು ಕಣಜ್ಜಿ, ಏಳು. ಗೊರಕೆ ಹೊಡೀತಿದ್ದೆ."

ನೋಡಿದೆ. ರೆಕ್ಕೆ, ಬಾಲ, ಕಾಲು, ಎಲ್ಲಾ ಮುದ್ದಾಗಿತ್ತು. ಹಾರುವುದೊಂದು ಬಾಕಿ. ಆಮೇಲೆ ಪವಿತ್ರ ಎಳೆದು ಹಿಡಿದಿದ್ದ ಚರ್ಮ ಬಿಟ್ಟಳು. ಗಿಣಿ ಹಾಗೇ ಕುಗ್ಗಿ, ಬೆನ್ನು ಬಾಗಿ, ಮೊಟ್ಟೆಗೆ ಕುಂತ ಕೋಳಿಯಾಯಿತು.

ಹುಡುಗಿಯ ಕಣ್ಣು ತುಂಬಿತು. ಅಂಗಡಿಯವನು ಗಲ್ಲ ಕೆರೆದುಕೊಂಡ. ಸಮಾಧಾನ ಹೇಳುವುದು ನನಗೆ ಬರುವುದಿಲ್ಲ. "ಏನಪ್ಪ, ಚರ್ಮ ನಂದು, ಗೆರೆ ಅವಳ್ದು. ನೀನು ಯಾವ್ದಕ್ಕೆ ಕುರ್ಚಿ ಕೊಡ್ತೀನಂದಿದ್ದು?" ಅಂದೆ.

ಅವನು ತಾನೇ ಚರ್ಮ ಎಳೆದು, ದೀಪ ಹತ್ತಿರ ತಂದು ಬಹಳ ಹೊತ್ತು ನೋಡಿದ. "ಗೆರೆ ನಡುಗಿಲ್ಲ. ನಾಳೆಯಿಂದ ಆ ಕಿಟಕಿ ಪಕ್ಕದ ಕುರ್ಚಿ ನಿಂದಮ್ಮ. ಆದ್ರೆ ಅಜ್ಜೀರನ್ನ ಕರ್ಕಂಡು ಬರಬ್ಯಾಡ" ಅಂದ. ಬಸ್ಸಿನಲ್ಲಿ ಪವಿತ್ರ ದಾರಿಯುದ್ದಕ್ಕೂ ನಗುತ್ತಿದ್ದಳು, ಯಾವ ಜೋಕೂ ಇಲ್ಲದೆ.

ಹಳೇ ಗಿಣಿ ನನ್ನ ಜೊತೆ ನಿಧಾನವಾಗಿ ಮುದುಕಿಯಾಯಿತು. ಹೊಸದು ಹುಟ್ಟುತ್ತಲೇ ಮುದುಕಿ. ಎರಡೂ ಈಗ ಎದುರುಬದುರು ಕುಂತು ನನ್ನನ್ನೇ ಆಡಿಕೊಳ್ಳುವ ಹಾಗಿವೆ. ಸತ್ತಾಗ ಜೊತೆಗೆ ಬರುವ ಒಡವೆ ಹಚ್ಚೆಯೊಂದೇ ಎಂದು ನಮ್ಮವ್ವ ಹೇಳುತ್ತಿದ್ದಳು. ಇರಬಹುದು. ಅಲ್ಲಿ ಯಾರಾದರೂ ಕೈ ತೋರಿಸು ಅಂದರೆ ಎಡಗೈಯಲ್ಲಿ ಚರ್ಮ ಎಳೆದು ಹಿಡಿದೇ ತೋರಿಸಬೇಕು. ನಮ್ಮತ್ತೆಯೂ ಅಲ್ಲೇ ಇರುತ್ತಾಳೆ. ಗಿಣಿ ಪೂರ್ತಿಯಾಗಿದೆ ಎಂದು ಒಪ್ಪುವುದಿರಲಿ, ಕೋಳಿ ಯಾಕೆ ಹಾಕಿಸಿಕೊಂಡೆ ಎಂದು ಕೇಳಿಯಾಳು.