ಕೈಗಡಿಯಾರದ ಸೋಮವಾರ

ಇಂಗ್ಲೆಂಡಿನ ಕೈಗಡಿಯಾರಕ್ಕೆ ಸೋಮವಾರ ಉಪವಾಸ ಹಿಡಿಸಿದವರು ಭೂಮಿಯ ಮೇಲೆ ಯಾರಾದರೂ ಇದ್ದರೆ ಅವರು ಆಳಂದದ ನಮ್ಮ ಕಾಕಾ ಮಾತ್ರ. ನಂಬುವುದಿಲ್ಲವೇ? ನನಗೂ ಇನ್ನೂ ಪೂರ್ತಿ ಅರ್ಥವಾಗಿಲ್ಲ.

ಗಡಿಯಾರ ತಂದುಕೊಟ್ಟ ತಪ್ಪು ನನ್ನದೇ. ತರಬೇತಿಗೆಂದು ಅಲ್ಲಿಗೆ ಹೋದಾಗ ಒಂದು ಸಣ್ಣ ಊರಿನಲ್ಲಿ ಕೊಂಡೆ. ತಮ್ಮೂರಿನ ಹಳೆಯ ಕಲ್ಲುಸೇತುವೆಯನ್ನೇ ಅದರ ಮುಖದ ಮೇಲೆ ಬರೆದಿದ್ದರು. ಹಳೆಯ ಪದ್ಧತಿಯದು, ದಿನಾ ಚಾವಿ ಕೊಡಬೇಕು. ಕಾಕಾ ಕನ್ನಡಕ ಏರಿಸಿ ನೋಡಿ, "ಲೇ ತಮ್ಮಾ, ಇದು ನಮ್ಮ ಭೀಮಾ ಹೊಳಿ ಮ್ಯಾಲಿನ ಸೊನ್ನದ ಬ್ಯಾರೇಜ್ ಅದ" ಎಂದರು.

"ಅಲ್ರಿ ಕಾಕಾ, ಇದಕ್ಕ ಐದೇ ಕಮಾನು ಅವ."

"ಉಳದಾವು ಪಟ್ಟಿ ಕೆಳಗ ಹೋಗ್ಯಾವ."

ಬ್ಯಾರೇಜಿನ ಕಡೆಯವರೇ ಆದ ಅಫಜಲಪುರದ ಬೀಗರಿಗೂ ತೋರಿಸಿ ಬಂದರು. ಅವರೂ ಹೌದ್ರಿ ಎಂದರಂತೆ. ಆಮೇಲೆ ನನಗೇ ಅನುಮಾನ ಶುರುವಾಯಿತು.

ದಿನಾ ಲಿಂಗಪೂಜೆ ಮುಗಿಸಿ ಕಾಕಾ ಗಡಿಯಾರಕ್ಕೆ ಚಾವಿ ಕೊಡುತ್ತಾರೆ. ಸೋಮವಾರ ಮಾತ್ರ ಇಲ್ಲ. ಅಂದು ಅವರ ಉಪವಾಸ. "ನನ್ನ ಮೈಮ್ಯಾಲ ಇದ್ದ ಮ್ಯಾಲ ಅದಕ್ಕೂ ನಮ್ಮ ಮನಿ ರೀತೀನೇ." ಹೀಗಾಗಿ ಮಂಗಳವಾರ ನಸುಕಿಗೆ ಗಡಿಯಾರ ನಿಂತುಬಿಡುತ್ತದೆ. ಎದ್ದಮೇಲೆ ಕಾಕಾ ಬಿಸಿಲು ನೋಡಿ ಅಂದಾಜಿನಲ್ಲಿ ಮುಳ್ಳು ತಿರುಗಿಸುತ್ತಾರೆ. ಮೊಬೈಲ್ ಇಲ್ಲವೇ ಎನ್ನುತ್ತೀರಾ? "ಅದು ಸೋಮವಾರ ಸೈತ ಕರೆಂಟ್ ತಿಂತದ. ಅದರ ಮಾತು ಏನ್ ನಂಬತಿ?"

ಒಂದು ಮಂಗಳವಾರ ಜೇವರ್ಗಿಯ ಮದುವೆಗೆ ಹೋದೆವು. ಆಳುಗಳು ಪೆಂಡಾಲ್ ಬಿಚ್ಚುತ್ತಿದ್ದರು. "ಎಷ್ಟ ಲಗೂ ಬಂದೀವಿ ನೋಡು, ಇನ್ನಾ ಕಟ್ಟಾಕತ್ತಾರ" ಎಂದರು ಕಾಕಾ. ನಾನು ಹೌದೆಂದೇ ಕುಳಿತೆ.

ಇಂಥವರ ಕೈಗೆ ಕಾಕಿಯ ಕಣ್ಣಿನ ಆರೈಕೆ ಬಂತು. ಪೊರೆ ತೆಗೆಸಿದ್ದರು, ಎರಡು ತಾಸಿಗೊಮ್ಮೆ ಔಷಧಿ ಹನಿ ಬಿಡಬೇಕು, ತಪ್ಪಬಾರದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. "ನಾ ಬಿಡ್ತೇನಿ, ನನ್ನ ಗಡಿಯಾರ ಅದ" ಎಂದು ಕಾಕಾ ಹಟ ಹಿಡಿದರು. ಕಾಕಿ ನನ್ನ ಕೈ ಹಿಡಿದು, "ತಮ್ಮಾ, ಸೋಮವಾರ ಬರ್ತದಲ್ಲೋ" ಎಂದರು. ನನಗೂ ಭಯವಾಯಿತು.

ಸೋಮವಾರ ಬಂತು. ಪೂಜೆ ಮುಗಿಯಿತು. ಕಾಕಾ ಗಡಿಯಾರ ಬಿಚ್ಚಿ ಚಾವಿ ಕೊಡತೊಡಗಿದರು.

"ಇವತ್ತ ಸೋಮವಾರರಿ ಕಾಕಾ."

"ಗೊತ್ತದ."

ಅಷ್ಟೇ. ಮಂಗಳವಾರ ಗಡಿಯಾರ ನಡೆಯುತ್ತಲೇ ಇತ್ತು. ಮಧ್ಯಾಹ್ನ ಜೋಳದ ರೊಟ್ಟಿ, ಪುಂಡಿಪಲ್ಯ ಬಡಿಸಿದರೂ ಕಾಕಾ ಊಟಕ್ಕೆ ಕೂಡಲಿಲ್ಲ.

"ನಿಮ್ಮ ಉಪವಾಸ ನಿನ್ನೆ ಆತಲ್ರಿ?"

"ನಂದು ಆತು. ಇದು ಅದರದು" ಎಂದು ಗಡಿಯಾರ ತೋರಿಸಿದರು. "ನಿಮ್ಮ ಕಾಕಿ ಸಲುವಾಗಿ ಅದು ನಿನ್ನೆ ಉಂಡದ. ಅದರ ಬದ್ಲಿ ಯಾರರೆ ಹಿಡೀಬೇಕಲ್ಲ."

ಮುರಿದ ರೊಟ್ಟಿ ನನ್ನ ಕೈಯಲ್ಲೇ ಉಳಿಯಿತು. ಅಷ್ಟರಲ್ಲಿ ಎರಡು ಗಂಟೆಯಾಯಿತು. ಕಾಕಾ ಔಷಧಿ ಸೀಸೆ ಹಿಡಿದು ಕಾಕಿಯ ಹಾಸಿಗೆಯ ಬಳಿ ಬಗ್ಗಿದರು.

"ಉಂಡ್ರೇನ್ರಿ?" ಕಾಕಿ ಕೇಳಿದರು.

"ಉಂಡೇನಿ, ಉಂಡೇನಿ. ನೀ ಮ್ಯಾಲ ನೋಡು."